ಬಲಗಡೆಯ ಸುತ್ತು

ಶಾರ್ಜಾ
14 ಆಗಸ್ಟ್ 2024

ಅತ್ತಾವರದ ರೊಸಾಲಿನ್ ಬಾಯಿಯವರಿಗೆ ಲತೇಶನ ನಮಸ್ಕಾರ.

ನಿಮಗೆ ನನ್ನ ಗುರುತಿಲ್ಲ. ನಾನು ಬೋಳಾರದವನು. ಹನ್ನೆರಡು ವರ್ಷಗಳಿಂದ ಇಲ್ಲಿ, ಹಳೆಯ ರೇಸ್ ಕಾರುಗಳನ್ನು ಸಂಗ್ರಹಿಸುವ ಒಬ್ಬ ಶ್ರೀಮಂತರ ವರ್ಕ್‌ಶಾಪಿನಲ್ಲಿ ಇದ್ದೇನೆ. ಅವರನ್ನು ನಾವೆಲ್ಲ ಅರಬಾಬ್ ಎನ್ನುತ್ತೇವೆ, ಅಂದರೆ ಧಣಿ. ಕಂಕನಾಡಿಯ ಗ್ಯಾರೇಜಿನಲ್ಲಿ ನಿಮ್ಮ ಅಣ್ಣ ಯೂಸ್ಟೇಸರು ಟಾರ್ಪಾಲು ಹೊದೆಸಿ ಇಟ್ಟಿದ್ದ ಆ ಚಿಕ್ಕ ಕಾರು ಈಗ ನನ್ನ ಎದುರಿಗೆ ಉಂಟು. ಅವರು ತೀರಿಕೊಂಡ ಮೇಲೆ ಮಗ ಡೆರಿಲ್ ಅದನ್ನು ನಮ್ಮ ಅರಬಾಬರಿಗೆ ಕೊಟ್ಟದ್ದು ನಿಮಗೆ ತಿಳಿದಿರಬಹುದು.

ಕಾರಿನ ಹುಟ್ಟಿನ ಬಗ್ಗೆ ಡೆರಿಲ್‌ಗೆ ಫೋನ್ ಮಾಡಿ ಕೇಳಿದೆ. “ನಂಗೆ ಎಂತ ಗೊತ್ತಿಲ್ಲ ಮಾರಾಯ, ಆಂಟಿಗೆ ಗೊತ್ತುಂಟು. ಅವರಿಗೆ ಕಿವಿ ಮಂದ, ಫೋನ್ ತೆಗೆಯುವುದಿಲ್ಲ. ಕಾಗದ ಬರೀರಿ, ಕಾಗದಕ್ಕಾದರೆ ಉತ್ತರ ಕೊಡ್ತಾರೆ” ಎಂದರು. ಆದ್ದರಿಂದ ಈ ಕಾಗದ. ನಮ್ಮ ಪಕ್ಕದ ಕೋಣೆಯ ಜಮಾಲುದ್ದೀನ್ ತಿಂಗಳಿಗೊಮ್ಮೆ ವ್ಯಾಪಾರದ ಕೆಲಸಕ್ಕೆ ಊರಿಗೆ ಹೋಗುತ್ತಾರೆ. ಅಂಚೆಗಿಂತ ಅವರ ಕೈ ಬೇಗ.

ಈ ಕಾರಿನ ಮೇಲೆ ಎಲ್ಲಿಯೂ ಹೆಸರಿಲ್ಲ. ಹೆಸರಿಲ್ಲದ ಹಳೆಯ ಕಾರನ್ನು ಗುರುತಿಸುವಾಗ ಮೈಯನ್ನು ನಂಬಬಾರದು. ತಗಡು ಬದಲಾಗಿರುತ್ತದೆ, ಬಣ್ಣ ಬದಲಾಗಿರುತ್ತದೆ, ಎಂಜಿನ್ ಕೂಡ ಬೇರೆಯದಾಗಿರುತ್ತದೆ. ನಾನು ಮೊದಲು ಅಡಿಯಲ್ಲಿ ಮಲಗಿ, ಚಕ್ರಗಳನ್ನು ಚಾಸಿಗೆ, ಅಂದರೆ ಅಡಿಯ ಚೌಕಟ್ಟಿಗೆ, ಹೇಗೆ ತೂಗಿಸಿದ್ದಾರೆ ಎಂದು ನೋಡುತ್ತೇನೆ. ಮಾಡಿದವರ ಕೈ ಕಾಣುವುದು ಅಲ್ಲಿ. ಇದರ ಮುಂಭಾಗಕ್ಕೆ ಅಡ್ಡಲಾಗಿ ಸ್ಪ್ರಿಂಗಿನ ಒಂದು ಕಮಾನ್ ಪಟ್ಟಿ ಉಂಟು, ಅದು ಆ ಕಾಲದಲ್ಲಿ ಸಾಮಾನ್ಯ. ಹಿಂದೆ ಮಾತ್ರ ಸ್ಪ್ರಿಂಗೇ ಇಲ್ಲ! ಎರಡೂ ಬದಿಯಲ್ಲಿ ಚಕ್ರದ ತೋಳಿನಿಂದ ಚಾಸಿಯ ಕೊಕ್ಕೆಗೆ ರಬ್ಬರಿನ ಹುರಿಯನ್ನು ಇಂಗ್ಲಿಷ್ ಎಂಟರ ಆಕಾರದಲ್ಲಿ ಸುತ್ತಿದ್ದಾರೆ. ಹುರಿಯ ಮೇಲೆ ಹತ್ತಿಯ ಕವಚ, ಕಾಲಕ್ಕೆ ಕಪ್ಪಾಗಿದೆ. ಇಡೀ ಕಾರಿನ ಹಿಂಭಾಗ ತೊಟ್ಟಿಲಿನ ಹಾಗೆ ಆ ಹುರಿಗಳಲ್ಲಿ ತೂಗುತ್ತಿದೆ. ಹನ್ನೆರಡು ವರ್ಷಗಳಲ್ಲಿ ನಾನು ಇಂಥದ್ದನ್ನು ಕಣ್ಣಾರೆ ಕಂಡದ್ದಿಲ್ಲ.

ಆ ಕವಚದಿಂದ ಒಂದು ವಾಸನೆ ಬರುತ್ತದೆ. ಮೂಗಿಗೆ ಪರಿಚಯವೇ, ಹೆಸರು ಮಾತ್ರ ನೆನಪಾಗುವುದಿಲ್ಲ. ಊಟಕ್ಕೆ ಕೂತಾಗಲೂ ಅದೇ ಯೋಚನೆ.

ಈ ಕಾರು ಎಲ್ಲಿಂದ ಬಂತು, ಯಾರು ತಂದರು? ನಿಮಗೆ ನೆನಪಿದ್ದಷ್ಟು ಬರೆದರೆ ಉಪಕಾರ.

ಲತೇಶ್

*

ಅತ್ತಾವರ, ಮಂಗಳೂರು
1 ಸೆಪ್ಟೆಂಬರ್ 2024

ಪ್ರಿಯ ಲತೇಶ್,

ನಮ್ಮವರು ಹಿರಿಯ ಹೆಂಗಸರನ್ನು ಕರೆಯುವ ಹಾಗೆ ಬಾಯಿ ಎಂದು ಬರೆದೆಯಲ್ಲ, ಬಹಳ ಖುಷಿಯಾಯಿತು. ಈಗ ತರಕಾರಿಯವನಿಂದ ಹಿಡಿದು ಡಾಕ್ಟರವರೆಗೆ ಎಲ್ಲರಿಗೂ ನಾನು ಆಂಟಿ. ನಿನ್ನ ಕಾಗದದ ಜತೆ ಜಮಾಲುದ್ದೀನ್ ಒಂದು ಪೆಟ್ಟಿಗೆ ಖರ್ಜೂರ ತಂದುಕೊಟ್ಟರು. ನೀನು ಕಳಿಸಿದ್ದೋ ಎಂದು ಕೇಳಿದರೆ, “ಇಲ್ಲ ಬಾಯಿ, ನನ್ನದೇ” ಎಂದರು. ನಿನಗೆ ಅಷ್ಟು ಹೊಳೆಯಲಿಲ್ಲ, ಇರಲಿ.

ಮನೆಯಲ್ಲಿ ಕೊಂಕಣಿ, ಮೂವತ್ತಾರು ವರ್ಷ ಆಸ್ಪತ್ರೆಯಲ್ಲಿ ಬರೆದದ್ದು ಇಂಗ್ಲಿಷ್. ಕನ್ನಡದಲ್ಲಿ ಉದ್ದದ ಕಾಗದ ಬರೆದು ಎಷ್ಟು ಕಾಲವಾಯಿತೋ. ತಪ್ಪಿದ್ದರೆ ನೀನೇ ತಿದ್ದಿಕೊಂಡು ಓದು.

ಆ ಕಾರು ಎಲ್ಲಿಂದ ಬಂತೋ ನನಗೆ ಗೊತ್ತಿಲ್ಲ. ಯೂಸ್ಟೇಸ್ ಎಲ್ಲೆಲ್ಲಿಂದಲೋ ಏನೇನೋ ತಂದು ತುಂಬಿಸುತ್ತಿದ್ದ. ಅದು ಓಡಿದ್ದು ಮಾತ್ರ ಗೊತ್ತು. 1973ರ ಫೆಬ್ರವರಿ, ಒಂದು ಭಾನುವಾರ ಬೆಳಿಗ್ಗೆ. ತಣ್ಣೀರುಬಾವಿಯ ಮರಳಿನಲ್ಲಿ, ಸಮುದ್ರ ಹಿಂದೆ ಸರಿದ ಹೊತ್ತಿಗೆ ಮೂರು ಕಾರುಗಳ ಓಟ. ರೇಸ್ ಎಂದರೆ ರೇಸೂ ಅಲ್ಲ, ಆದರೆ ನಮಗೆ ಅದೇ ದೊಡ್ಡದು. ಕಾರನ್ನು ಹೊಳೆ ದಾಟಿಸಬೇಕಲ್ಲ, ಎರಡು ದೋಣಿ ಜೋಡಿಸಿ, ಮೇಲೆ ಹಲಗೆ ಹಾಸಿ, ಅದರ ಮೇಲೆ ಇಟ್ಟರು. ಹೊಳೆಯ ಮೇಲೆ ಮಂಜು. ದೋಣಿಯೂ ಕಾಣುವುದಿಲ್ಲ, ನೀರೂ ಕಾಣುವುದಿಲ್ಲ. ಒಂದು ಕಾರು ತನ್ನಷ್ಟಕ್ಕೆ ಗಾಳಿಯಲ್ಲಿ ಆಚೆ ದಡಕ್ಕೆ ಹೋಗುತ್ತಿದೆ. ನಾವು ಮೂವರು ಹಲಗೆಯ ಮೇಲೆ ನಿಂತಿದ್ದೆವು. ಈಗಲೂ ಮಧ್ಯಾಹ್ನ ಸ್ವಲ್ಪ ಕಣ್ಣು ಮುಚ್ಚಿದರೆ ಅದೇ ಕಾಣುತ್ತದೆ. ಎಚ್ಚರವಾದ ಮೇಲೂ ಕಾಲಡಿಯ ನೆಲ ಮೆಲ್ಲಗೆ ತೂಗುತ್ತಿರುತ್ತದೆ.

ಒಂದು ಮಾತು. ಆ ಹಿಂದಿನ ಹುರಿಯನ್ನು ಬಿಚ್ಚಬೇಡ, ಕತ್ತರಿಸಬೇಡ. ಕಾರಣ ಕೇಳಬೇಡ. ಮುದುಕಿಯ ಆಸೆ ಎಂದುಕೋ.

ರೊಸಾಲಿನ್

*

ಶಾರ್ಜಾ
22 ಸೆಪ್ಟೆಂಬರ್ 2024

ಪ್ರೀತಿಯ ರೊಸಾಲಿನ್ ಬಾಯಿಯವರಿಗೆ,

ಈ ಸಲದ ಖರ್ಜೂರ ನನ್ನದು. ಜಮಾಲುದ್ದೀನ್ ತನ್ನದು ಎಂದರೆ ನಂಬಬೇಡಿ.

ನಿಮ್ಮ ಕಾಗದ ಓದಿದಂದಿನಿಂದ ನನಗೂ ಆ ಹೊಳೆ ಕಾಣುತ್ತಿದೆ. ಇಲ್ಲಿ ಹೊರಗೆ ಬಿಸಿಲಿಗೆ ಟಾರು ಮೆತ್ತಗಾಗುತ್ತದೆ, ನಾನು ಕಾರಿನ ಅಡಿಯಲ್ಲಿ ಮಲಗಿ ಮಂಜಿನಲ್ಲಿ ತೇಲುತ್ತಿರುತ್ತೇನೆ. ಜತೆಯವರು ನನ್ನನ್ನು ತಮಾಷೆ ಮಾಡುತ್ತಾರೆ.

ಒಂದು ದೊಡ್ಡ ಸುದ್ದಿ ಉಂಟು. ಅರಬಾಬರ ಲೈಬ್ರರಿಯಲ್ಲಿ ಹಳೆಯ ರೇಸಿಂಗ್ ಪತ್ರಿಕೆಗಳನ್ನು ಹುಡುಕಿದೆ. ಇಂಗ್ಲೆಂಡಿನಲ್ಲಿ ಮಾರ್ಲೆಟ್ ಎಂಬ ಚಿಕ್ಕ ಕಂಪನಿ ಇತ್ತಂತೆ. 1951ರಲ್ಲಿ ನಾಲ್ಕೇ ನಾಲ್ಕು ಕಾರು ಮಾಡಿ ಬಾಗಿಲು ಮುಚ್ಚಿದರು. ಹಿಂದಿನ ಚಕ್ರಗಳಿಗೆ ಸ್ಪ್ರಿಂಗ್ ಬದಲು ವಿಮಾನದ ರಬ್ಬರ್ ಹುರಿ, ಹತ್ತಿಯ ಕವಚ, ಎಂಟರ ಆಕಾರದ ಸುತ್ತು! ಮೂರು ಕಾರುಗಳು ಎಲ್ಲಿವೆ ಎಂದು ಗೊತ್ತು. ನಾಲ್ಕನೆಯದು ಹಡಗಿನಲ್ಲಿ ಪೂರ್ವದ ಕಡೆಗೆ ಹೋಯಿತು ಎಂದಷ್ಟೇ ದಾಖಲೆ. ಮಂಗಳೂರಿಗೆ ಹಡಗು ಬರುತ್ತಿತ್ತಲ್ಲ ಬಾಯಿ?

ಇನ್ನೊಂದು ಸಾಕ್ಷಿ ಕೇಳಿ. ಎಡಗಡೆಯ ಹುರಿ ಒಂದು ದಿಕ್ಕಿಗೆ ಸುತ್ತಿದ್ದರೆ ಬಲಗಡೆಯದು ಅದಕ್ಕೆ ಸರಿಯಾಗಿ ಎದುರು ದಿಕ್ಕಿಗೆ, ಕನ್ನಡಿಯಲ್ಲಿ ನೋಡಿದ ಹಾಗೆ. ಒಬ್ಬನೇ ಮೆಕ್ಯಾನಿಕ್ ಸುತ್ತಿದರೆ ಎರಡೂ ಒಂದೇ ದಿಕ್ಕಿಗೆ ಬರುತ್ತವೆ, ಕೈಯ ಅಭ್ಯಾಸ ಅದು. ಹೀಗೆ ಕನ್ನಡಿಯ ಹಾಗೆ ಬರಬೇಕಾದರೆ ಕಾಗದದಲ್ಲಿ ನಕ್ಷೆ ಬರೆದು ಮಾಡಿದ ಕಂಪನಿಯ ಕೆಲಸವೇ ಇರಬೇಕು. ಎಡಗಡೆ ಈಗ ಎರಡು ಬೆರಳಿನಷ್ಟು ಕೆಳಗೆ ವಾಲಿದೆ. ಬಲಗಡೆ ಮಾತ್ರ ನಿನ್ನೆ ಸುತ್ತಿದ ಹಾಗೆ ಗಟ್ಟಿ. ಫೋಟೋ ಇಟ್ಟಿದ್ದೇನೆ, ನೋಡಿ.

ಇಷ್ಟು ವರ್ಷ ಕಾರು ಗುರುತಿಸುವ ವರದಿಗಳಿಗೆ ಲಂಡನ್ನಿನಿಂದ ಬರುವ ತಜ್ಞರ ಸಹಿ. ಅಡಿಯಲ್ಲಿ ಮಲಗಿ ನೋಡುವವನು ನಾನು, ಹೆಸರು ಅವರದು. ಇದಕ್ಕೆ ಮೊದಲ ಸಲ ನನ್ನ ಸಹಿ ಹಾಕಲು ಅರಬಾಬರು ಒಪ್ಪಿದ್ದಾರೆ. ಡಿಸೆಂಬರ್ ಇಪ್ಪತ್ತಕ್ಕೆ ದೊಡ್ಡ ಪ್ರದರ್ಶನ. ಅಲ್ಲಿ ಇದು ಮಾರ್ಲೆಟ್ ಎಂದು ನಿಂತರೆ ಇನ್ನು ಮುಂದೆ ಆ ಕೆಲಸ ನನ್ನದೇ.

ನೀವು ಬರೆದ ಆ ಮೂರನೆಯವರು ಯಾರು? ಕಾರು ತಂದ ಇಂಗ್ಲಿಷಿನವರಲ್ಲವೇ?

ನಿಮ್ಮ
ಲತೇಶ್

*

ಅತ್ತಾವರ
8 ಅಕ್ಟೋಬರ್ 2024

ಪ್ರಿಯ ಲತೇಶ್,

ಖರ್ಜೂರ ಬಂತು. ಫೋಟೋವೂ ಬಂತು. ಅದನ್ನು ಭೂತಕನ್ನಡಿ ಹಿಡಿದು ಒಂದಿಡೀ ಮಧ್ಯಾಹ್ನ ನೋಡಿದೆ. ಗಂಜಿ ಒಲೆಯ ಮೇಲೆ ಅಡಿ ಹಿಡಿಯಿತು.

ಮೂರನೆಯವರ ವಿಷಯ ಬೇಡ.

ನಿನಗೆ ಯೂಸ್ಟೇಸನ ವಿಷಯ ಹೇಳುತ್ತೇನೆ. ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಅವನ ಬೆನ್ನುಮೂಳೆಗೆ ಕ್ಷಯ ತಾಗಿತು. ನಾನು ಕೆಲಸ ಮಾಡುತ್ತಿದ್ದ ಆಸ್ಪತ್ರೆಯಲ್ಲಿಯೇ ಹದಿನಾಲ್ಕು ತಿಂಗಳು ಮಲಗಿದ್ದ. ಮಂಚದ ಮೇಲೆ ಮರದ ಚೌಕಟ್ಟು ನಿಲ್ಲಿಸಿ, ರಾಟೆ ಹಗ್ಗ ಹಾಕಿ, ಸೊಂಟದ ಅಡಿಗೆ ಬಟ್ಟೆ ಕೊಟ್ಟು ಅವನನ್ನು ತೂಗಿಸುತ್ತಿದ್ದೆವು. ಹಾಸಿಗೆಗೆ ಬೆನ್ನು ತಾಗಿದರೆ ಕಿರಿಚುತ್ತಿದ್ದವನು ತೂಗಿಸಿದ ಕೂಡಲೇ ಮಗುವಿನ ಹಾಗೆ ಸುಮ್ಮನಾಗುತ್ತಿದ್ದ. ವಾರ್ಡಿನ ಕಿಟಕಿಯಿಂದ ಗಾಳಿ ಬಂದರೆ ಅವನು ಸ್ವಲ್ಪ ಸ್ವಲ್ಪ ತೂಗುತ್ತಿದ್ದ. ಒಂದು ದಿನ, “ರೋಸಾ, ಇದೇ ಮಂಚಕ್ಕೆ ಚಕ್ರ ಹಾಕಿ ಜೋರಾಗಿ ಓಡಿಸಬೇಕು” ಎಂದ. ಜ್ವರ ಏರಿದೆಯೇನೋ ಎಂದು ಥರ್ಮಾಮೀಟರ್ ಇಟ್ಟೆ. ಜ್ವರ ಇರಲಿಲ್ಲ.

ಇದು ನಿನ್ನ ವರದಿಗೆ ಉಪಯೋಗಕ್ಕೆ ಬರಲಿಕ್ಕಿಲ್ಲ. ಆದರೂ ಬರೆಯಬೇಕು ಅನ್ನಿಸಿತು.

ಬಲಗಡೆ ನಿಜವಾಗಿಯೂ ಗಟ್ಟಿ ಉಂಟಾ? ಕೈಯಿಂದ ಒತ್ತಿ ನೋಡಿದೆಯಾ? ಇನ್ನೊಮ್ಮೆ ಒತ್ತಿ ನೋಡಿ ಬರೆ. ಮತ್ತೆ, ಅದನ್ನು ಬಿಚ್ಚಬೇಡ.

ರೊಸಾಲಿನ್

*

ಶಾರ್ಜಾ
24 ಅಕ್ಟೋಬರ್ 2024

ಮಾನ್ಯ ರೊಸಾಲಿನ್ ಬಾಯಿಯವರಿಗೆ,

ನಿಮ್ಮ ಕಾಗದ ತಲುಪಿತು. ವರದಿಯನ್ನು ಮೊನ್ನೆ ಅರಬಾಬರಿಗೆ ಒಪ್ಪಿಸಿದೆ. ಕಾರು ಮಾರ್ಲೆಟ್ ಎಂದೇ ತೀರ್ಮಾನವಾಗಿದೆ. ಮೂರನೆಯವರ ಬಗ್ಗೆ ನೀವು ಹೇಳಲು ಇಷ್ಟಪಡದ್ದನ್ನು ಗೌರವಿಸುತ್ತೇನೆ. ವರದಿಯಲ್ಲಿ “ಒಬ್ಬ ಇಂಗ್ಲಿಷ್ ಮಾಲಕರ ಮೂಲಕ ಮಂಗಳೂರಿಗೆ ಬಂದಿರಬಹುದು” ಎಂದಷ್ಟೇ ಬರೆದಿದ್ದೇನೆ.

ಬಲಗಡೆ ಗಟ್ಟಿಯಾಗಿಯೇ ಇದೆ. ಎಡಗಡೆಯ ಹುರಿಯಲ್ಲಿ ನಾನು ಏನನ್ನೂ ಬಿಚ್ಚಿ ನೋಡಿಲ್ಲ.

ಇನ್ನು ನಿಮಗೆ ತೊಂದರೆ ಕೊಡುವುದಿಲ್ಲ. ನಿಮ್ಮ ಸಹಾಯಕ್ಕೆ ಧನ್ಯವಾದ.

ಇತಿ,
ಲತೇಶ್

*

ಅತ್ತಾವರ
3 ನವೆಂಬರ್ 2024

ಲತೇಶ್,

ಮಾನ್ಯ ಅಂತೆ, ಇತಿ ಅಂತೆ! ಸರ್ಕಾರಿ ನೋಟೀಸು ಬಂದ ಹಾಗಾಯಿತು. ಬಿಚ್ಚಿದೆಯಾ ಎಂದು ನಾನು ಕೇಳಿರಲಿಲ್ಲ. ಕೇಳದೆಯೇ “ಮಾತ್ರೆ ನುಂಗಿದೆ ಸಿಸ್ಟರ್” ಎನ್ನುವ ರೋಗಿಯ ದಿಂಬಿನ ಅಡಿಯಲ್ಲಿ ಮಾತ್ರೆ ಸಿಗುತ್ತದೆ. ನೀನು ಎಡಗಡೆ ಬಿಚ್ಚಿದ್ದೀ. ಒಳಗೆ ಇರುವುದನ್ನು ನೋಡಿ, ಈ ಮುದುಕಿ ಸುಳ್ಳಿ ಎಂದು ಸಿಟ್ಟಾಗಿ ಹಾಗೆ ಬರೆದಿದ್ದೀ. ಸಿಟ್ಟಾಗುವುದು ಸರಿಯೇ.

ನಿನ್ನೆ ಸತ್ತವರ ಹಬ್ಬ. ಯೂಸ್ಟೇಸನ ಗೋರಿಗೆ ಹೂ ಇಟ್ಟು ಮೇಣದಬತ್ತಿ ಹಚ್ಚಿದೆ. ಗಾಳಿಗೆ ಎರಡು ಸಲ ಆರಿತು. ಅವನಿಗೆ ಹೇಳದ್ದನ್ನು ನಿನಗೆ ಹೇಳುತ್ತೇನೆ.

ಆ ಕಾರನ್ನು ಯಾವ ಇಂಗ್ಲಿಷಿನವನೂ ತರಲಿಲ್ಲ. ಕಂಕನಾಡಿಯಲ್ಲಿ ಯೂಸ್ಟೇಸ್ ಮಾಡಿದ್ದು. ಮಂಚದಲ್ಲಿ ತೂಗುತ್ತಿದ್ದಾಗ ಆಸ್ಪತ್ರೆಯ ಹಳೆಯ ಪತ್ರಿಕೆಗಳ ರಾಶಿಯಲ್ಲಿ ಅವನಿಗೆ ಒಂದು ಚಿತ್ರ ಸಿಕ್ಕಿತ್ತು. ಎಂಟರ ಆಕಾರದ ರಬ್ಬರಿನ ಚಿತ್ರ. ನೀನು ಹೇಳುವ ಮಾರ್ಲೆಟ್ ಅದೇ ಇರಬೇಕು, ಹೆಸರಿನ ಪುಟ ಹರಿದಿತ್ತು. ವಿಮಾನದ ಹುರಿ ಮಂಗಳೂರಿನಲ್ಲಿ ಎಲ್ಲಿ ಸಿಗಬೇಕು? ಹಂಪನಕಟ್ಟೆಯ ಸೈಕಲ್ ಅಂಗಡಿಯಿಂದ ಹಳೆಯ ಟ್ಯೂಬು ತಂದು ಉದ್ದಕ್ಕೆ ಸೀಳಿದ. ಅದರ ಮೇಲೆ ಸುತ್ತಲು ಗಟ್ಟಿ ಬಟ್ಟೆ ಬೇಕಿತ್ತು.

ಆಪರೇಶನ್ ಥಿಯೇಟರಿನ ಬ್ಯಾಂಡೇಜು ಒತ್ತಾದ ನೇಯ್ಗೆಯದು, ಅಂಚಿಗೆ ಒಂದು ನೀಲಿ ನೂಲು. ವಾರ್ಡಿಗೆ ಅದನ್ನು ಕೊಡುವುದಿಲ್ಲ, ಎಣಿಸಿ ಇಡುತ್ತಾರೆ. ಆ ಸ್ಟೋರಿನ ಬೀಗದ ಕೈ ನನ್ನ ಸೊಂಟದಲ್ಲಿತ್ತು. ಹದಿನೆಂಟು ಸುರುಳಿ ತೆಗೆದೆ, ಎರಡೆರಡಾಗಿ, ಏಪ್ರನ್ನಿನ ಒಳಗೆ. ಅಣ್ಣ ಬದುಕಿ ಬಂದಿದ್ದಾನೆ, ಅವನಿಗೆ ಒಂದು ಕಾರು ಬೇಕು ಎಂದಷ್ಟೇ ಆಗ ತಲೆಯಲ್ಲಿ ಇದ್ದದ್ದು.

ಸುತ್ತಿದವರು ಇಬ್ಬರು. ಎಡಗಡೆ ನಾನು. ಬಲಗಡೆ ಜಾನೆಟ್. ಅವಳು ಟ್ರೇನಿಂಗಿನ ಹುಡುಗಿ, ಇಪ್ಪತ್ತು ವರ್ಷ, ಯೂಸ್ಟೇಸನ ವಾರ್ಡಿನಲ್ಲಿ ಡ್ಯೂಟಿ ಮಾಡಿದವಳು. ರಜೆಯ ಮಧ್ಯಾಹ್ನಗಳಲ್ಲಿ ನನ್ನ ಜತೆ ಗ್ಯಾರೇಜಿಗೆ ಬರುತ್ತಿದ್ದಳು. ಅವಳನ್ನು ಕಂಡರೆ ಯೂಸ್ಟೇಸ್ ಕೈಯಲ್ಲಿದ್ದ ಸ್ಪಾನರ್ ಬೀಳಿಸುತ್ತಿದ್ದ. ಕನ್ನಡಿ, ನಕ್ಷೆ, ಕಂಪನಿ ಎಂದೆಲ್ಲ ಬರೆದೆಯಲ್ಲ ಮಾರಾಯ, ಜಾನೆಟ್ ಎಡಚಿ! ಅಷ್ಟೇ ಅದರ ಗುಟ್ಟು. ಅವಳ ಬ್ಯಾಂಡೇಜು ಯಾವಾಗಲೂ ಎದುರು ದಿಕ್ಕಿಗೆ ಬರುತ್ತಿತ್ತು, ಅದಕ್ಕಾಗಿ ಮೇಟ್ರನ್ ಅವಳಿಗೆ ದಿನಾ ಬೈಯುತ್ತಿದ್ದರು. ಆದರೆ ಇಡೀ ಬ್ಯಾಚಿನಲ್ಲಿ ಅವಳ ಸುತ್ತಿನಷ್ಟು ಬಿಗಿ ಇನ್ನೊಬ್ಬರದಿಲ್ಲ. “ಸಿಸ್ಟರ್, ನಿಮ್ಮ ಬದಿ ಸಡಿಲ ಉಂಟು, ಮುಂದೆ ಇಳೀತದೆ ನೋಡಿ” ಎಂದು ನಗುತ್ತಿದ್ದಳು.

ಸುತ್ತಿದ ಮೇಲೆ ಗೇರೆಣ್ಣೆ ಬಳಿದೆವು, ಗೇರುಬೀಜದ ಸಿಪ್ಪೆಯಿಂದ ತೆಗೆದು ದೋಣಿಗೆ ಬಳಿಯುವ ಎಣ್ಣೆ, ಚರ್ಮಕ್ಕೆ ತಾಗಿದರೆ ಸುಡುತ್ತದೆ. ಜಾನೆಟಳ ಎಡಗೈ ಬೆರಳುಗಳಲ್ಲಿ ಗುಳ್ಳೆ ಎದ್ದವು. ಉಳಿದಿದ್ದ ಒಂದು ತುಂಡು ಬ್ಯಾಂಡೇಜನ್ನು ನಾನೇ ಅವಳ ಬೆರಳಿಗೆ ಸುತ್ತಿದೆ, ಪ್ರೀತಿಯಿಂದಲೇ. ಮುಂದಿನ ಭಾನುವಾರ ಹೊಳೆ ದಾಟಿದೆವು. ಯೂಸ್ಟೇಸ್ ಮರಳಿನಲ್ಲಿ ಓಡಿಸಿದ. ಒದ್ದೆ ಮರಳಿನಲ್ಲಿ ಆಕಾಶ ಕಾಣುತ್ತಿತ್ತು, ಕಾರು ಅದರ ಮೇಲೆ ಹೋಗುತ್ತಿತ್ತು. ಅವನ ಬೆನ್ನು ನೋಯಲಿಲ್ಲ. ನಾವಿಬ್ಬರೂ ಕೈ ಹಿಡಿದುಕೊಂಡು ಅತ್ತೆವು.

ಸೋಮವಾರ ಸ್ಟೋರಿನ ತಪಾಸಣೆ. ಮೇಟ್ರನ್ ಜಾನೆಟಳ ಬೆರಳಿನಲ್ಲಿ ನೀಲಿ ನೂಲು ಕಂಡರು. “ಇದು ನಿನಗೆ ಎಲ್ಲಿಂದ ಬಂತು?” ಎಂದು ಕೇಳಿದರು. ಜಾನೆಟ್ ನನ್ನನ್ನು ನೋಡಿದಳು. ನಾನು ಕಿಟಕಿಯ ಕಡೆ ನೋಡಿದೆ. ಅವಳು ಕೊನೆಯವರೆಗೂ ಬಾಯಿ ಬಿಡಲಿಲ್ಲ. ಮಂಗಳವಾರ ಅವಳ ಪೆಟ್ಟಿಗೆ ಹಾಸ್ಟೆಲಿನ ಮೆಟ್ಟಿಲಿನ ಮೇಲಿತ್ತು. ಕಳ್ಳಿ ಎಂದು ಬರೆದು ಮನೆಗೆ ಕಳಿಸಿದರು.

ಜಾನೆಟ್ ಎಲ್ಲಿ ಎಂದು ಯೂಸ್ಟೇಸ್ ಕೇಳಿದಾಗ, ಮದುವೆ ನಿಶ್ಚಯವಾಗಿ ಹೋದಳು ಎಂದೆ. ಅವನು ಕಾರಿಗೆ ಟಾರ್ಪಾಲು ಹೊದೆಸಿದ. ಮತ್ತೆ ತೆಗೆಯಲಿಲ್ಲ. ನಾನು ವಾರ್ಡ್ ಸಿಸ್ಟರ್ ಆದೆ, ಮೂವತ್ತು ಬ್ಯಾಚಿನ ಹುಡುಗಿಯರಿಗೆ ಪ್ರಾಮಾಣಿಕತೆಯ ಪಾಠ ಹೇಳಿದೆ.

ಈಗ ನಿನಗೆ ಗೊತ್ತಾಯಿತು. ಆ ಕಾರಿನ ಮೇಲೆ ಇಂಗ್ಲಿಷ್ ಹೆಸರು ಬಿದ್ದರೆ ಜಾನೆಟ್ ಎರಡನೆಯ ಸಲ ಹೋದ ಹಾಗೆ. ತಡೆಯಲು ಸಾಧ್ಯವಿದ್ದರೆ ತಡೆ. ಜಮಾಲುದ್ದೀನ್ ಬುಧವಾರ ಹೊರಡುತ್ತಾರಂತೆ, ಅವರ ಕೈಯಲ್ಲಿ ಕೊಡುತ್ತಿದ್ದೇನೆ.

ರೊಸಾಲಿನ್

*

ಶಾರ್ಜಾ
12 ನವೆಂಬರ್ 2024

ಮಾನ್ಯ ರೊಸಾಲಿನ್ ಬಾಯಿಯವರಿಗೆ,

ಜಮಾಲುದ್ದೀನ್ ಇನ್ನೂ ಊರಿನಿಂದ ಬಂದಿಲ್ಲವಾದ್ದರಿಂದ ಇದನ್ನು ಅಂಚೆಗೆ ಹಾಕುತ್ತಿದ್ದೇನೆ. ನನ್ನ ಕಳೆದ ಕಾಗದ ಓದಿ ನಿಮಗೆ ನನ್ನ ಮೇಲೆ ಬೇಸರವಾಗಿರಬಹುದು.

ನಿಮಗೆ ತಿಳಿಸದೆ ಇರುವುದು ಸರಿಯಲ್ಲ. ಹಿತ್ತಾಳೆಯ ಫಲಕ ತಯಾರಾಗಿದೆ. “ಮಾರ್ಲೆಟ್, ಇಂಗ್ಲೆಂಡ್, 1951” ಎಂದು ಕೆತ್ತಿದ್ದಾರೆ. ಡಿಸೆಂಬರ್ ಒಂದಕ್ಕೆ ಹಿಂದಿನ ಹುರಿಗಳನ್ನು ಕತ್ತರಿಸಿ ತೆಗೆದು, ಇಂಗ್ಲೆಂಡಿನಿಂದ ತರಿಸಿದ ಹೊಸ ಹುರಿ ಹಾಕುತ್ತಾರೆ. ಬೇಡ ಎನ್ನಲು ನನ್ನಲ್ಲಿ ಕಾರಣವಿಲ್ಲ.

ಈಚೆಗೆ ಆ ಹೊಳೆ ಕಾಣುತ್ತಿಲ್ಲ. ಕಣ್ಣು ಮುಚ್ಚಿದರೆ ಮಂಜು ಮಾತ್ರ.

ಲತೇಶ್

*

ಶಾರ್ಜಾ
30 ನವೆಂಬರ್ 2024

ಪ್ರೀತಿಯ ರೊಸಾಲಿನ್ ಬಾಯಿ,

ಜಮಾಲುದ್ದೀನರ ಉಮ್ಮನಿಗೆ ಹುಷಾರಿಲ್ಲದೆ ಪ್ರಯಾಣ ಮೂರು ವಾರ ಮುಂದೆ ಹೋಯಿತಂತೆ. ನಿಮ್ಮ ಕಾಗದ ಅಷ್ಟೂ ದಿನ ಅವರ ಬ್ಯಾಗಿನಲ್ಲಿತ್ತು. ಮೊನ್ನೆ ಸಂಜೆ ನನ್ನ ಕೈಗೆ ಬಂತು. ಹುರಿ ಕತ್ತರಿಸಲು ಮೂರೇ ದಿನ ಉಳಿದಿತ್ತು.

ನನಗೆ ನಿಮ್ಮ ಮೇಲೆ ಸಿಟ್ಟು ಬಂದಿರಲಿಲ್ಲ ಬಾಯಿ. ನನಗೇ ನಾಚಿಕೆಯಾಗಿತ್ತು. ನೀವು ಬರೆದ ಮಂಚದ ಕಥೆ ಓದಿದ ಮರುದಿನವೇ ಎಡಗಡೆಯ ಕವಚವನ್ನು ಒಂದು ಅಂಗುಲ ಬಿಡಿಸಿದೆ. ಒಳಗೆ ಕಪ್ಪು ರಬ್ಬರು, ಅದರ ಮೇಲೆ ಚೌಕದ ಒಂದು ತೇಪೆ. ಸೈಕಲ್ ಟ್ಯೂಬಿನ ಪಂಕ್ಚರ್ ತೇಪೆ! ಇಂಗ್ಲೆಂಡಿನಲ್ಲಿ ಯಾರಾದರೂ ರೇಸ್ ಕಾರಿಗೆ ಪಂಕ್ಚರ್ ಹಾಕಿದ ಟ್ಯೂಬು ಕಟ್ಟುತ್ತಾರೆಯೇ? ನೋಡಿದ ಕೂಡಲೇ ತಿಳಿಯಿತು. ಆ ವಾಸನೆಯ ಹೆಸರೂ ಅದೇ ಕ್ಷಣಕ್ಕೆ ನೆನಪಾಯಿತು. ಬೋಳಾರದ ಹೊಳೆಬದಿಯಲ್ಲಿ ದೋಣಿ ಕವುಚಿ ಹಾಕಿ ಗೇರೆಣ್ಣೆ ಬಳಿಯುವುದನ್ನು ನೋಡುತ್ತಲೇ ನಾನು ದೊಡ್ಡವನಾದದ್ದು. ಮೊದಲ ದಿನವೇ ಮೂಗು ಊರಿನ ಹೆಸರು ಹೇಳಿತ್ತು. ನನಗೆ ಕೇಳಿಸಿಕೊಳ್ಳುವ ಮನಸ್ಸಿರಲಿಲ್ಲ.

ಕವಚವನ್ನು ಮೊದಲಿನ ಹಾಗೆಯೇ ಮುಚ್ಚಿದೆ. ವರದಿಗೆ ಸಹಿ ಹಾಕಿದೆ. ನೀವು ಕಿಟಕಿಯ ಕಡೆ ನೋಡಿದಿರಿ, ನಾನು ಪತ್ರಿಕೆಯ ಚಿತ್ರದ ಕಡೆ ನೋಡಿದೆ.

ನಿನ್ನೆ ಬೆಳಿಗ್ಗೆ ಅರಬಾಬರಿಗೆ ಎಲ್ಲವನ್ನೂ ಹೇಳಿದೆ, ತೇಪೆಯನ್ನೂ ತೋರಿಸಿದೆ. ಅವರು ಬೈಯಲಿಲ್ಲ, ಬೈದಿದ್ದರೆ ಒಳ್ಳೆಯದಿತ್ತು. ವರದಿಯನ್ನು ಅಡ್ಡಕ್ಕೆ ಹರಿದು ಮೇಜಿನ ಮೇಲಿಟ್ಟರು. ಇನ್ನು ಗುರುತಿಸುವ ಕೆಲಸ ನನಗಿಲ್ಲ. ಮತ್ತೆ ನನ್ನ ಹಳೆಯ ಕೆಲಸಕ್ಕೆ, ಸ್ಪ್ರಿಂಗ್ ರಿಪೇರಿಯ ಮೇಜಿಗೆ ಹೋದೆ. ಎದೆ ಉರಿಯಿತು, ಸುಳ್ಳು ಹೇಳುವುದಿಲ್ಲ.

ಮಧ್ಯಾಹ್ನ ಅರಬಾಬರು ಒಬ್ಬರೇ ಬಂದು ಕಾರಿನ ಹಿಂದೆ ಕುಕ್ಕರಗಾಲಿನಲ್ಲಿ ಕೂತರು. ಬಲಗಡೆ ಒತ್ತಿದರು, ಎಡಗಡೆ ಒತ್ತಿದರು. ಕಾರು ಮೆಲ್ಲಗೆ ತೂಗಿತು. ತುಂಬಾ ಹೊತ್ತು ಹಾಗೆಯೇ ತೂಗಿಸುತ್ತಾ ಕೂತಿದ್ದರು. ಎದ್ದು ನಿಂತು, “ಮಾರ್ಲೆಟ್ ಜಗತ್ತಿನಲ್ಲಿ ಮೂರು ಉಂಟು. ಇದು ಒಂದೇ. ಹುರಿ ಮುಟ್ಟಬೇಡಿ, ಮಾಡಿದವರ ಹೆಸರು ತರಿಸು” ಎಂದರು.

ಫಲಕದ ಜಾಗ ಈಗ ಖಾಲಿ ಉಂಟು. ನಿಮ್ಮ ಹೆಸರು, ಯೂಸ್ಟೇಸರ ಹೆಸರು ನನಗೆ ಗೊತ್ತು. ಆದರೆ ಬಲಗಡೆಯವರನ್ನು ಕೇಳದೆ ಅವರ ಹೆಸರು ಹೇಗೆ ಬರೆಯಲಿ? ಒಮ್ಮೆ ಅವರನ್ನು ಕೇಳದೆ ಹೆಸರು ಬರೆದಾಗಿದೆ, ಕಳ್ಳಿ ಎಂದು. ಪ್ರದರ್ಶನ ಇಪ್ಪತ್ತಕ್ಕೆ. ಅವರನ್ನು ಹುಡುಕಿ ಬಾಯಿ. ಹೋಗಿ ಕೇಳಬೇಕಾದವರು ನೀವೇ.

ನಿಮ್ಮ
ಲತೇಶ್

*

ಅತ್ತಾವರ
13 ಡಿಸೆಂಬರ್ 2024

ಪ್ರಿಯ ಲತೇಶ್,

ನಿನ್ನ ಅಂಚೆಯ ಕಾಗದ ಡಿಸೆಂಬರ್ ನಾಲ್ಕಕ್ಕೆ ಬಂತು, ಒಂದನೇ ತಾರೀಕು ಕಳೆದ ಮೇಲೆ. ಹುರಿ ಹೋಯಿತು ಎಂದು ಒಂದಿಡೀ ದಿನ ಅತ್ತೆ. ಮರುದಿನ, ತಾಯಿಯನ್ನು ನೋಡಲು ಮತ್ತೆ ಊರಿಗೆ ಬಂದ ಜಮಾಲುದ್ದೀನ್ ಎರಡನೆಯದನ್ನು ತಂದರು. ಇಂಥ ಅಂಚೆ ಯಾರಿಗೂ ಬೇಡಪ್ಪ.

ಐವತ್ತೊಂದು ವರ್ಷ ನಾನು ಜಾನೆಟಳನ್ನು ಹುಡುಕಲಿಲ್ಲ. ಹುಡುಕಲು ಹೊರಟರೆ ಎರಡೇ ದಿನ ಸಾಕಾಯಿತು. ಅವಳು ಕುಲಶೇಖರದಲ್ಲಿ ಇದ್ದಾಳೆ. ಹಂಪನಕಟ್ಟೆಯಿಂದ ಒಂದು ಬಸ್ಸು. ಅಷ್ಟೇ ದೂರ. ನರ್ಸ್ ಆಗಲಿಲ್ಲ, ಟೈಲರ್ ಆದಳು. ಅರ್ಧ ಮಂಗಳೂರಿನ ಮದುವಣಗಿತ್ತಿಯರ ಗೌನು ಹೊಲಿದಿದ್ದಾಳಂತೆ. ನನ್ನ ವಾರ್ಡಿನ ಹುಡುಗಿಯರ ಮದುವೆಗಳಿಗೆ ಹೋಗಿ ಅವಳ ಹೊಲಿಗೆಯನ್ನು ನಾನೇ ಹೊಗಳಿ ಬಂದಿರಬೇಕು.

ನಿನ್ನೆ ಬೆಳಿಗ್ಗೆ ಹೋದೆ. ಬಾಗಿಲು ತೆರೆದವಳ ಎಡಗೈಯಲ್ಲಿ ಕತ್ತರಿ. ನನ್ನನ್ನು ನೋಡಿದಳು, ಒಳಗೆ ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ನಾನು ಮೆಟ್ಟಿಲಿನಲ್ಲೇ ನಿಂತು ಹೇಳಿದೆ. ಬ್ಯಾಂಡೇಜು ತೆಗೆದದ್ದು ನಾನು, ಹೆದರಿ ಸುಮ್ಮನಾದದ್ದು ನಾನು, ಯೂಸ್ಟೇಸನಿಗೆ ಸುಳ್ಳು ಹೇಳಿದ್ದೂ ನಾನು. ಹೇಳಿ ಮುಗಿಯುವಾಗ ಅವಳೇ ಒಂದು ಸ್ಟೂಲು ತಂದಿಟ್ಟಳು.

“ಮೇಟ್ರನ್ ಎದುರು ನೀವು ಒಂದು ಮಾತು ಹೇಳ್ತೀರಿ ಅಂತ ಕಾದೆ ಸಿಸ್ಟರ್” ಎಂದಳು. “ಮಂಗಳವಾರ ಬಸ್‌ಸ್ಟ್ಯಾಂಡಿನಲ್ಲೂ ಕಾದೆ. ಎರಡು ಬಸ್ಸು ಬಿಟ್ಟೆ. ಮೂರನೆಯದಕ್ಕೆ ಹತ್ತಿದೆ.”

ನಿನ್ನ ಫೋಟೋ ಅವಳ ಕೈಗೆ ಕೊಟ್ಟೆ.

ಅವಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಮುಖ ಮೆಲ್ಲಗೆ ಬದಲಾಯಿತು. “ಇದು ಇದ್ದದ್ದು ಹೌದಾ? ಮಂಜಿನಲ್ಲಿ ದೋಣಿ, ಮೇಲೆ ಕಾರು... ಯಾರ ಹತ್ತಿರ ಹೇಳಿದರೂ ನಗ್ತಿದ್ರು. ಎಲ್ಲಾ ನನ್ನ ಕನಸು ಅಂತ ಬಿಟ್ಟುಬಿಟ್ಟಿದ್ದೆ.”

“ಇದ್ದದ್ದು ಹೌದು. ನಾವು ಮೂವರು ಇದ್ದೆವು” ಎಂದೆ.

ಯೂಸ್ಟೇಸ್ ಹೇಗಿದ್ದ ಎಂದು ಕೇಳಿದಳು. ಇದ್ದ ಹಾಗೆ ಹೇಳಿದೆ. ಆಮೇಲೆ ಕನ್ನಡಕ ಹಾಕಿಕೊಂಡು ಮತ್ತೆ ಫೋಟೋ ನೋಡಿದಳು.

“ಇದು ಎಂತ, ಒಂದು ಬದಿಗೆ ವಾಲಿದೆಯಲ್ಲ?”

“ಎಡಗಡೆ ಎರಡು ಬೆರಳು ಇಳಿದಿದೆಯಂತೆ.”

“ನಿಮ್ಮ ಬದಿ.”

“ಹೌದು, ನನ್ನ ಬದಿ.”

“ನಾನು ಆವತ್ತೇ ಹೇಳಿದ್ದೆ” ಎಂದಳು. ನಗುತ್ತಾಳೋ ಅಳುತ್ತಾಳೋ ತಿಳಿಯಲಿಲ್ಲ. ಹೆಸರು ಬರೆಯಬಹುದಾ ಎಂದು ಕೇಳಿದೆ. ಕತ್ತರಿಯನ್ನು ಮೇಜಿನ ಮೇಲಿಟ್ಟು ಹೇಳಿದಳು, “ಬರೀಲಿ. ನಿಮ್ಮದೂ ಬರೀಲಿ. ಯಾವ ಬದಿ ಯಾರದ್ದು ಅಂತ ಸರಿಯಾಗಿ ಬರೀಲಿ. ನೋಡಿದವರಿಗೆ ಗೊತ್ತಾಗಬೇಕಲ್ಲ.”

ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ ಲತೇಶ್. ನಾನು ಕೇಳಲೂ ಇಲ್ಲ. ಹೊರಡುವಾಗ ನನ್ನ ಸೆರಗಿನ ಪಿನ್ನು ಕಳಚಿದ್ದನ್ನು ನೋಡಿ, ಎಡಗೈಯಿಂದ ಸಿಕ್ಕಿಸಿಕೊಟ್ಟಳು, ಬಿಗಿಯಾಗಿ. ಮುಂದಿನ ಬುಧವಾರ ಮತ್ತೆ ಹೋಗುತ್ತೇನೆ. ಬಾ ಎಂದಿಲ್ಲ, ಆದರೂ ಹೋಗುತ್ತೇನೆ.

ಫಲಕಕ್ಕೆ ಹೀಗೆ ಬರೆಸು. ಮಂಗಳೂರು, 1973. ಮಾಡಿದವರು ಯೂಸ್ಟೇಸ್. ಹಿಂದಿನ ಸುತ್ತು, ಬಲಗಡೆ ಜಾನೆಟ್, ಎಡಗಡೆ ರೊಸಾಲಿನ್. ಅವಳ ಹೆಸರು ಮೊದಲು ಬರಲಿ.

ಜಮಾಲುದ್ದೀನ್ ನಾಳೆಯೇ ಹೊರಡುತ್ತಾರೆ. ಈ ಸಲ ತಡ ಮಾಡಿದರೆ ಸೂಜಿ ಚುಚ್ಚುತ್ತೇನೆ ಎಂದು ಹೆದರಿಸಿದ್ದೇನೆ.

ಇನ್ನೊಂದೇ ಒಂದು ಬೇಡಿಕೆ. ಪ್ರದರ್ಶನಕ್ಕೆ ಚಂದ ಕಾಣಲಿ ಎಂದು ನಿನ್ನ ಕೈ ತುರಿಸುತ್ತದೆ, ನನಗೆ ಗೊತ್ತು. ಎಡಗಡೆಯನ್ನು ಎತ್ತಿ ಸಮ ಮಾಡಬೇಡ. ವಾಲಿಕೊಂಡೇ ಇರಲಿ.

ರೊಸಾಲಿನ್